ಪುಟ್ಟನ ಸಾಲಿ ಮತ್ತ ನನ್ನ ಕನ್ನಡದ ವಹಿ

ಅಮೆರಿಕಾದಿಂದ ಬಂದಾಗಿಂದ ಎಲ್ಲಾರೂ ಒಂದ ಮಾತು ಕೇಳ್ಲಿಕ್ಹತ್ತೀರಿ, "ಮೊಮ್ಮಗಾ ಮಾತಾಡ್ತಾನೇನು?" ಅಂತ. ಕೆಲವರು ಎದುರಿಗೇ ಕೇಳ್ತೀರಿ, ಕೆಲವರು ನನ್ನ ತಂಗಿ ಕಡೆಯಿಂದ ಕೇಳಿಸ್ತೀರಿ. ಒಬ್ಬೊಬ್ಬರಿಗೆ ಹೇಳಿ ಹೇಳಿ ಬಾಯಿ ಒಣಗೇದ, ಅದಕ್ಕ ಒಮ್ಮೆ ಕೂತು ಬರದುಬಿಡ್ತೀನಿ. ಮಾತಾಡ್ತಾನ. ಕಡಿಮಿ ಮಾತಾಡ್ತಾನ. ಅವಂಗ ಆಟಿಸಂ ಅದ ಅಂತ ಡಾಕ್ಟರು ಎರಡು ವರ್ಷದಾಂವ ಇದ್ದಾಗನ ಹೇಳ್ಯಾರ. ಮುಚ್ಚಿಡೂದು ಬ್ಯಾಡವ್ವಾ, ಬರಿ ಅಂತ ಮಗಳೇ ಅಂದಾಳ. ಹೆಸರು ಮಾತ್ರ ಬರಿಯಂಗಿಲ್ಲ, ಪುಟ್ಟ ಅಂತೀನಿ.

ನಾ ಹೋದದ್ದು ಆಗಸ್ಟ್ ತಿಂಗಳದಾಗ, ನ್ಯೂ ಜೆರ್ಸಿಗೆ. ಆರು ತಿಂಗಳು ಇರ್ಲಿಕ್ಕೆ ಕೊಟ್ಟಿದ್ರು. ಹೋಗೂವಾಗ ತಲಿಯೊಳಗ ಇದ್ದದ್ದು ಇಷ್ಟ: ಕೂಸಿಗೆ ಬಿಸಿ ಅನ್ನ ಉಣಿಸಬೇಕು, ಮಗಳಿಗೆ ಚೂರು ನಿದ್ದಿ ಮಾಡಿಸಬೇಕು. ಸಾಲಿಯ ಸಭಾದಾಗ ಕೂತು ಬರ್ತೀನಿ ಅಂತ ಕನಸಿನ್ಯಾಗೂ ಅಂದ್ಕೊಂಡಿದ್ದಿಲ್ಲ.

ಅಲ್ಲಿಯ ಪದ್ಧತಿ ಮೊದಲು ಹೇಳ್ತೀನಿ, ಇಲ್ಲಾಂದ್ರ ಮುಂದಿಂದು ತಿಳಿಯಂಗಿಲ್ಲ. ಹುಟ್ಟಿದಾಗಿನಿಂದ ಮೂರು ವರ್ಷ ತುಂಬೂತನಕ ಇಂಥಾ ಕೂಸುಗಳಿಗೆ ರಾಜ್ಯದವರ ಒಂದು ವ್ಯವಸ್ಥಾ ಅದ, ಅರ್ಲಿ ಇಂಟರ್ವೆನ್ಷನ್ ಅಂತಾರ. ಮಾತು ಕಲಸೋ ಬಾಯಿ ಮನಿಗೇ ಬರ್ತಾರ. ನೆಲದ ಮ್ಯಾಲೆ ಕೂತು ಕೂಸಿನ ಜೋಡಿ ಆಡ್ತಾರ, ತಾಯಿಗೂ ಕಲಸ್ತಾರ. ಆದ್ರ ಮೂರನೇ ಹುಟ್ಟಿದಹಬ್ಬದ ದಿವಸ ಅದು ನಿಂತುಬಿಡ್ತದ. ಅವತ್ತಿನಿಂದ ಊರಿನ ಸ್ಕೂಲ್ ಡಿಸ್ಟ್ರಿಕ್ಟಿನ ಜವಾಬ್ದಾರಿ. ಡಿಸ್ಟ್ರಿಕ್ಟ್ ಅಂದ್ರ ನಮ್ಮ ಧಾರವಾಡ ಜಿಲ್ಲಾದಷ್ಟು ದೊಡ್ಡದಲ್ಲ ಮತ್ತ. ಅಲ್ಲೆ ಹೆಚ್ಚುಕಡಿಮಿ ಊರಿಗೊಂದು ಡಿಸ್ಟ್ರಿಕ್ಟು, ಆ ಸಣ್ಣ ರಾಜ್ಯದಾಗ 600ರ ಆಜೂಬಾಜು ಅದಾವ. ಅವುಗಳ ಖರ್ಚಿನ ದೊಡ್ಡ ಪಾಲು ಬರೂದು ಮನಿ ತೆರಿಗಿಯಿಂದ. ಮಗಳು ತುಂಬೋ ಮನಿ ತೆರಿಗಿ ಕೇಳಿ ನನಗ ಚಕ್ಕರ್ ಬಂದಿತ್ತು, ಆಮ್ಯಾಲೆ ತಿಳೀತು ಆ ರೊಕ್ಕ ಎಲ್ಲಿಗೆ ಹೋಗ್ತದಂತ.

ಈ ಸಾಲಿಗಳು ಇಂಥಾ ಕೂಸುಗಳನ್ನ "ನಮ್ಮಲ್ಲೆ ಆಗಂಗಿಲ್ಲ" ಅಂತ ವಾಪಸ್ ಕಳಸೂ ಹಂಗಿಲ್ಲ. 1975ರಾಗ ಕಾಯ್ದೆ ಆಗ್ಯದ, ಫೋರ್ಡ್ ಅನ್ನೋ ಅಧ್ಯಕ್ಷರು ಸಹಿ ಮಾಡಿದ್ದು. 1990ರಾಗ ಅದಕ್ಕ ಹೆಸರು ಬದಲಿ ಮಾಡಿ ಐಡಿಯಾ ಅಂತ ಇಟ್ರು. ಮೂರು ವರ್ಷದಿಂದ ಇಪ್ಪತ್ತೊಂದರ ತನಕ ಪುಕ್ಕಟೆ, ಕೂಸಿಗೆ ತಕ್ಕಂಥಾ ಶಿಕ್ಷಣ ಕೊಡಲೇಬೇಕು. ಸಾಧ್ಯ ಇದ್ದಷ್ಟು ಉಳಿದ ಹುಡುಗೂರ ಜೋಡೀನ ಕೂಡಿಸಬೇಕು. ನಾ ಅಂದ್ಕೊಂಡಿದ್ದೆ, ಅಮೆರಿಕಾದಾಗ ಮೊದಲಿಂದನ ಹಿಂಗ ಇದ್ದೀತು ಅಂತ. ಇಲ್ಲಂತ. ಆ ಕಾಯ್ದೆ ಬರೂಕ್ಕಿಂತ ಮೊದಲು ಹತ್ತು ಲಕ್ಷ ಮಕ್ಕಳು ಸಾಲಿ ಬಾಗಿಲಾ ದಾಟಿದ್ದೇ ಇಲ್ಲಂತ. ಅವರ ಅವ್ವ ಅಪ್ಪಗೋಳು ಕೂಡಿ ಕೋರ್ಟಿಗೆ ಹೋಗಿ, 1972ರಾಗ ಪೆನ್ಸಿಲ್ವೇನಿಯಾದಾಗ ಒಂದು, ವಾಷಿಂಗ್ಟನ್ ಊರಾಗ ಇನ್ನೊಂದು ತೀರ್ಪು ಗೆದ್ದು, ಆಮ್ಯಾಲೆ ಬಂದದ್ದು ಈ ಕಾಯ್ದೆ.

ಇದನ್ನ ಮಗಳು ಹೇಳೂವಾಗ ನನಗ ನಮ್ಮ ಸೋದರಮಾವನ ಮಗ ನೆನಪಾದ. ನಿಮ್ಮೊಳಗ ಹಿರೇರಿಗೆ ಗೊತ್ತಿದ್ದೀತು. ಕಟ್ಟಿ ಮ್ಯಾಲೆ ಕೂತು ಜೋಳದ ಕಾಳು ಒಂದೊಂದ ಸಾಲು ಹಚ್ಚತಿದ್ದ. ಏನ್ ಚಂದ ಸಾಲು ಅಂದ್ರೀ! ಯಾರರೆ ಕಾಲಿಂದ ಅಳಿಸಿದ್ರ ಚೀರಿ ಚೀರಿ ಅಳತಿದ್ದ. ಅವಂಗ ಸಾಲಿಗೆ ಕಳಸೂ ಮಾತ ಯಾರೂ ಎತ್ತಲಿಲ್ಲ. ಮಾಮಿಯ ಹಣೆಬರಹ ಅಂದು ಸುಮ್ನಾದ್ರು. ಪುಟ್ಟ ತನ್ನ ಕಾರುಗೋಳನ್ನ ಸೋಫಾದ ಅಂಚಿಗೆ ಹಂಗ ಸಾಲು ಹಚ್ಚತಾನ. ಮೊದಲನೇ ಸಲ ನೋಡಿದಾಗ ನಾ ಅಡಗಿಮನಿಗೆ ಹೋಗಿ ನಳಾ ಬಿಟ್ಟು ಅತ್ತೆ.

ಸಪ್ಟೆಂಬರದಾಗ ಮಗಳು ಡಿಸ್ಟ್ರಿಕ್ಟಿಗೆ ಪತ್ರ ಬರದಳು, ನನ್ನ ಮಗನ್ನ ಪರೀಕ್ಷಾ ಮಾಡ್ರಿ ಅಂತ. ಬರವಣಿಗಿಯೊಳಗ ಕೊಡಬೇಕು, ಬಾಯಿಮಾತು ನಡಿಯಂಗಿಲ್ಲ. ಕೊಟ್ಟ 20 ದಿವಸದೊಳಗ ಅವರು ಸಭಾ ಕರೀಬೇಕು, ಕರದ್ರು. ಪರೀಕ್ಷಾ ಮಾಡ್ಲಿಕ್ಕೆ ಅವ್ವ ಅಪ್ಪನ ಒಪ್ಪಿಗಿ ಸಹಿ ಬೇಕು. ಆ ಸಹಿ ಬಿದ್ದ ದಿವಸದಿಂದ ನ್ಯೂ ಜೆರ್ಸಿಯೊಳಗ 90 ದಿನ. ಅಷ್ಟರಾಗ ಪರೀಕ್ಷಾ ಮುಗಿಸಿ, ಕೂಸಿಗೆ ಏನೇನು ಕೊಡಬೇಕು ಅನ್ನೋದನ್ನ ಬರದು, ಶುರು ಮಾಡಬೇಕು. ಪುಟ್ಟಗ ಮೂರು ತುಂಬೂದು ಜನವರಿ ಕೊನಿಗೆ. ನಾನೂ ಕ್ಯಾಲೆಂಡರ್ ಮ್ಯಾಲೆ ಬೆರಳಿಟ್ಟು ಎಣಿಸಿದೆ. ಅಕ್ಟೋಬರ್ ಮುಗಿಯೂದ್ರಾಗ ಸಹಿ ಬಿದ್ರ ಗಾಡಿ ಸಿಗ್ತದ, ಇಲ್ಲಾಂದ್ರ ಮನಿಗೆ ಬರೋ ಬಾಯಿ ನಿಂತು, ಸಾಲೀನೂ ಶುರು ಆಗದ, ಕೂಸು ನಡಬರಕ ಉಳೀತದ.

ಸಹಿ ಹಾಕಲಿಕ್ಕೆ ನಮ್ಮ ಅಳಿಯಂದಿರು ಒಪ್ಪಲಿಲ್ಲ.

ಅವರು ಕೆಟ್ಟವರಲ್ಲ. ರಾತ್ರಿ ಎದ್ದು ಕೂಸಿನ್ನ ಹೊತ್ತು ಅಡ್ಡಾಡೂದು ಅವರೇ. ಆದ್ರ ಈ ಮಾತು ಬಂದ್ರ ಲ್ಯಾಪ್‌ಟಾಪ್ ತಗೊಂಡು ಮ್ಯಾಲಿನ ಖೋಲಿಗೆ ಹೋಗೋರು. "ಒಮ್ಮೆ ಚೀಟಿ ಹಚ್ಚಿದ್ರ ಜನ್ಮಾಪೂರ್ತಿ ಹೋಗಂಗಿಲ್ಲ ಅತ್ತೀ" ಅಂದ್ರು ನನಗ. ಅತ್ತಾಗ ನಮ್ಮ ಬೀಗಿತ್ತಿಯವರು ಬೆಳಗಾವಿಯಿಂದ ದಿನಾ ವಿಡಿಯೋದಾಗ, "ಇವರಪ್ಪನೂ ನಾಕು ವರ್ಷದ ತನಕಾ ಮಾತಾಡಿದ್ದಿಲ್ಲ, ಗಂಡು ಹುಡುಗೂರು ತಡಾನ" ಅನ್ನೋರು. ದೃಷ್ಟಿ ತಗೀರಿ ಅನ್ನೋರು. ದೃಷ್ಟಿನೂ ತಗದೆ, ಅದರಾಗೇನದ, ಉಪ್ಪು ಮೆಣಸಿನಕಾಯಿ ಮನ್ಯಾಗ ಇದ್ವು. ಹೊಗಿ ಎದ್ದು ಮನಿಯ ಅಲಾರಾಂ ಬಡಕೊಂಡು ಪುಟ್ಟ ಎರಡು ತಾಸು ಕಿವಿ ಮುಚ್ಕೊಂಡು ಕೂತ.

ಮಗಳು ಜಗಳಾ ಮಾಡಲಿಲ್ಲ. ಕಾಗದ ತಗದು ಓದಿ ಹೇಳಿದಳು: ಇದು ಬರೇ ಪರೀಕ್ಷಾಕ್ಕ ಒಪ್ಪಿಗಿ. ಪರೀಕ್ಷಾ ಆದ ಮ್ಯಾಲೆ ಸಾಲಿಯ ಸಹಾಯಕ್ಕ ಮತ್ತ ಬ್ಯಾರೆ ಒಪ್ಪಿಗಿ ಕೇಳ್ತಾರ. ಕೊಟ್ಟ ಮ್ಯಾಲೂ ಬ್ಯಾಡ ಅನಿಸಿದ್ರ ಯಾವಾಗ ಬೇಕಾದ್ರೂ ಬರದು ಕೊಟ್ಟು ಬಿಡಸ್ಬಹುದು. ಮೂರು ವರ್ಷಕ್ಕೊಮ್ಮೆ ಮತ್ತ ಹೊಸದಾಗಿ ನೋಡ್ತಾರ. ಅಳಿಯಂದಿರು ಕೇಳಿದ್ರು, ಏನೂ ಅನ್ನಲಿಲ್ಲ. ಹಿಂಗ ಹದಿನೈದು ದಿನ ಹೋದ್ವು.

ಒಂದಿನ ಸಂಜೀಕ ಪುಟ್ಟ ಅಪ್ಪನ ಕೈ ಹಿಡಕೊಂಡು ಫ್ರಿಜ್ ತನಕ ಎಳಕೊಂಡು ಹೋದ. ಹಾಲು ತೋರಿಸಿದ್ರು, ಅಲ್ಲ. ಮೊಸರು, ಅಲ್ಲ. ದ್ರಾಕ್ಷಿ, ಅಲ್ಲ. ಕೂಸು ತನ್ನ ತಲಿ ತಾನ ಬಡಕೊಳ್ಳಿಕ್ಕೆ ಶುರು ಮಾಡ್ತು. ಅರ್ಧಾ ತಾಸು ಅತ್ತು, ದಣದು, ಅಪ್ಪನ ಹೆಗಲ ಮ್ಯಾಲೆ ಮಲಗ್ತು. ಅವಂಗ ಏನು ಬೇಕಾಗಿತ್ತೋ ಇವತ್ತಿನ ತನಕಾ ನಮಗ್ಯಾರಿಗೂ ತಿಳಿದಿಲ್ಲ. ಮಲಗಿಸಿ ಕೆಳಗ ಬಂದು ಅಳಿಯಂದಿರು "ಆ ಕಾಗದ ಎಲ್ಲೆ ಅದ?" ಅಂದ್ರು.

ಪರೀಕ್ಷಾ ನವೆಂಬರದಾಗ ಆತು. ಅಲ್ಲೆ ಅದಕ್ಕ ಚೈಲ್ಡ್ ಸ್ಟಡಿ ಟೀಮ್ ಅಂತಿರ್ತದ. ಮನಶ್ಶಾಸ್ತ್ರ ಓದಿದವರು ಒಬ್ಬರು, ಕಲಿಕಿಯ ತೊಂದರಿ ನೋಡೋ ಟೀಚರ್ ಒಬ್ಬರು, ಸೋಶಿಯಲ್ ವರ್ಕರ್ ಒಬ್ಬರು. ಜೋಡಿಗೆ ಮಾತಿನ ಥೆರಪಿಸ್ಟ್. ವರದಿಯನ್ನ ಸಭಾಕ್ಕ 10 ದಿನ ಮೊದಲ ಅವ್ವ ಅಪ್ಪನ ಕೈಗೆ ಕೊಡಬೇಕಂತ ನಿಯಮ. ಡಿಸೆಂಬರದಾಗ ಬಂತು. ಮಗಳು ಓದಿಕೋತ ಒಂದು ಸಾಲಿಗೆ ನಿಂತುಬಿಟ್ಟಳು: ಹುಡುಗ ಉಪಯೋಗ ಮಾಡೋ ಶಬ್ದ 6.

"ಆರಾ?" ಅಂದೆ ನಾ. ಮುಂಜಾನೆ ಎದ್ದು ಹಲ್ಲು ತಿಕ್ಕೂದ್ರಾಗ ನನ್ನ ಜೋಡಿ ಆರು ಶಬ್ದ ಆಗ್ತಿದ್ವು!

ಆಗಿದ್ದು ಇಷ್ಟ. ಪರೀಕ್ಷಾ ಮಾಡಿದವರಿಗೆ ಕನ್ನಡ ಬರಂಗಿಲ್ಲ. ಪುಟ್ಟ "ಬ್ಯಾ" ಅಂದ್ರ ಬ್ಯಾಡ ಅಂತ. ಅವರಿಗೆ ಅದು ಬರೇ ಸಪ್ಪಳ. "ನೀಯು" ಅಂದ್ರ ನೀರು. ಅದೂ ಸಪ್ಪಳ. ಬಾಲ್ ಕೊಡು ಅಂತ ಇಂಗ್ಲಿಷಿನ್ಯಾಗ ಕೇಳಿದ್ರ ಗ್ವಾಡಿ ನೋಡ್ತಾ ಕೂತನಂತ. ನಾ "ಚಂಡು ಎಲ್ಲದ ಪುಟ್ಟಾ" ಅಂದ್ರ ಕುರ್ಚಿ ಕೆಳಗಿಂದ ತಂದು ಕೊಡ್ತಿದ್ದ. ಇದಕ್ಕಿಂತ ಮೊದಲು ಇನ್ನೊಂದು ಆಗಿತ್ತು. ಖಾಸಗಿ ಥೆರಪಿಸ್ಟ್ ಒಬ್ಬರು, ಹೆಸರು ಬ್ಯಾಡ, "ಮನ್ಯಾಗ ಕನ್ನಡ ಬಿಡ್ರಿ, ಇಂಗ್ಲಿಷ್ ಒಂದ ಇಟ್ಕೋರಿ, ಎರಡು ಭಾಷಾದಾಗ ಕೂಸು ಗೊಂದಲ ಆಗ್ತದ" ಅಂತ ಹೇಳಿ ಕಳಸಿದ್ರು. ಮಗಳು ನಾಕು ದಿನ ಪ್ರಯತ್ನ ಮಾಡಿದ್ಲು. ನಾ ಏನು ಮಾಡ್ಲಿ ಹೇಳ್ರಿ? ಪಿಯುಸಿ ಓದೀನಿ ಖರೆ, ಇಂಗ್ಲಿಷ್ ಓದಿದ್ರ ತಿಳೀತದ, ಆದ್ರ ಅತ್ತ ಕೂಸಿನ್ನ ಇಂಗ್ಲಿಷಿನ್ಯಾಗ ರಮಿಸೂದು ನನಗ ಬರೂದುಲ್ಲ. ಬಾಯಿ ಮುಚ್ಕೊಂಡು ಕೂತೆ. ಪುಟ್ಟ ನನ್ನ ಮುಖಾ ಹಿಡದು ತುಟಿ ಮ್ಯಾಲೆ ಬೆರಳಿಟ್ಟು ನೋಡಿದ, ಆಯಿಗೆ ಏನಾಗ್ಯದ ಅಂತ. ಆ ಹೊತ್ತಿಗೆ ಇಬ್ಬರೂ ಆ ನೇಮಾ ಮುರದ್ವಿ.

ಮಗಳು ಡಿಸ್ಟ್ರಿಕ್ಟಿಗೆ ಇಮೇಲ್ ಬರದಳು. ಕೂಸಿನ ಪರೀಕ್ಷಾ ಕೂಸಿಗೆ ತಿಳಿಯೋ ಭಾಷಾದಾಗ ಆಗಬೇಕು, ಆಗೂದು ಸಾಧ್ಯನ ಇಲ್ಲ ಅನ್ನೂವಂಥಾ ಕಾರಣ ಇದ್ರ ಅಷ್ಟ ಬಿಡಬೇಕು ಅಂತ ಅದ ಕಾಯ್ದೆದಾಗ ಬರದದ. ಇದನ್ನ ಅಕಿಗೆ ಹೇಳಿಕೊಟ್ಟವರು ಸ್ಪ್ಯಾನ್ ಅನ್ನೋ ಸಂಸ್ಥಾದವರು. ಪ್ರತಿ ರಾಜ್ಯದಾಗೂ ಇಂಥಾ ಮಕ್ಕಳ ಅವ್ವ ಅಪ್ಪಗೋಳಿಗೆ ದಾರಿ ತೋರಸಲಿಕ್ಕೆ ಒಂದು ಕೇಂದ್ರ ಇರ್ತದ, ಸರಕಾರ ರೊಕ್ಕಾ ಕೊಡ್ತದ. ನ್ಯೂ ಜೆರ್ಸಿಯೊಳಗ ಅದು ಸ್ಪ್ಯಾನ್. ಫೋನ್ ಎತ್ತಿದಾಕಿಗೂ ಇಂಥಾ ಮಗಾ ಇದ್ದನಂತ, ಈಗ ದೊಡ್ಡಾಂವ ಆಗ್ಯಾನಂತ. ಮಗಳು ಮುಕ್ಕಾಲು ತಾಸು ಮಾತಾಡಿದಳು. ಫೋನ್ ಇಟ್ಟ ಮ್ಯಾಲೆ ಭಾಳ ದಿನಕ್ಕ ಹೊಟ್ಟಿ ತುಂಬ ಉಂಡಳು.

ನಾ ನನ್ನ ಕೆಲಸಾ ಶುರು ಮಾಡಿದೆ. ಕಿರಾಣಿ ಲೆಕ್ಕಾ ಬರೀಲಿಕ್ಕೆ ಇಲ್ಲಿಂದ ಒಂದು ಉದ್ದನ್ನ ವಹಿ ಒಯ್ದಿದ್ದೆ, ಅದರ ಹಿಂದಿನ ಹಾಳಿಯಿಂದ. ಶಬ್ದ, ಅಂವ ಹೆಂಗ ಅಂದ, ಯಾವಾಗ ಅಂದ, ಯಾಕ ಅಂದ. "ಸಾಕು: ಆಕು. ಮೂರನೇ ತುತ್ತಿಗೆ, ತಾಟು ದೂಡಿ." "ಬಾ: ಕಿಡಕ್ಯಾಗಿಂದ ಅಳಿಲು ಕರದು." "ಆಯಿ: ನಾ ಸ್ನಾನಕ್ಕ ಹೋದಾಗ, ಬಾಗಿಲದ ಹೊರಗಿಂದ." ಎರಡು ವಾರ ಬರದೆ. 41 ಆದ್ವು. ಮಗಳು ಕೂತು ಇಂಗ್ಲಿಷಿಗೆ ತಿರುವಿ ಟೈಪ್ ಮಾಡಿದಳು.

ಡಿಸ್ಟ್ರಿಕ್ಟಿನವರು, ನಿಷ್ಠುರ ಆಗಿ ಹೇಳಬಾರದು, ಬ್ಯಾಸರಾ ಮಾಡ್ಕೊಳ್ಳಲಿಲ್ಲ. ಕನ್ನಡದ ಥೆರಪಿಸ್ಟ್ ಅವರಿಗೆ ಸಿಗಲಿಲ್ಲ. ವಿಡಿಯೋದಾಗ ಕನ್ನಡ ದುಭಾಷಿ ಒಬ್ಬರನ್ನ ಹಿಡದು, ಕ್ರಿಸ್ಮಸ್ ಸೂಟಿಗೆ ಮೊದಲು ಇನ್ನೊಮ್ಮೆ ಕರದ್ರು, ಆಯಿಯನ್ನೂ ಕರಕೊಂಡು ಬರ್ರಿ ಅಂದ್ರು. ದುಭಾಷಿ ಮೈಸೂರ ಕಡಿಯಾಕಿ ಇರಬೇಕು, "ಬ್ಯಾಡ" ಅನ್ನೂದನ್ನ "ಬೇಡ" ಅಂತ ತಿದ್ದಿ ಕೇಳಿದ್ರ ಪುಟ್ಟ ಅಕಿನ್ನ ನೋಡಲೂ ಇಲ್ಲ. ನಾ ನೆಲದ ಮ್ಯಾಲೆ ಕೂತು ನಮ್ಮ ಮಾತಿನ್ಯಾಗ ಕೇಳಿದೆ. ಥೆರಪಿಸ್ಟ್ ಬರಕೊಂಡಳು. ಸಣ್ಣ ಹುಡುಗಿ, ನನ್ನ ಮಗಳಿಗಿಂತ ಸಣ್ಣಾಕಿ. ಎರಡು ಭಾಷಾದ ಶಬ್ದ ಕೂಡಿಸಿನ ಎಣಿಸಬೇಕು, ಮನಿ ಭಾಷಾ ಬಿಡೂ ಕಾರಣ ಇಲ್ಲ, ಎರಡು ಭಾಷಾ ಇದ್ದದ್ದರಿಂದ ಆಟಿಸಂ ಇದ್ದ ಕೂಸು ಹಿಂದ ಬೀಳಂಗಿಲ್ಲ ಅಂತ ಅಭ್ಯಾಸ ಮಾಡಿದವರು ಕಂಡಾರ ಅಂತ ಅಕೀನ ಹೇಳಿದಳು. ಆಮ್ಯಾಲೆ ನನ್ನ ವಹಿ ನೋಡಿ 41ರಾಗ 7 ಹೊಡದು ಹಾಕಿದಳು. ನಾವು ಅಂದದ್ದನ್ನ ಹಂಗ ತಿರುಗಿ ಅನ್ನೂದನ್ನ ಅವರು ಬ್ಯಾರೆ ಲೆಕ್ಕ ಇಡ್ತಾರಂತ. ನನಗ ಜೀವಕ್ಕ ಹತ್ತಿತು. "ಚಕ್ಕುಲಿ" ಅಂತ ಎಷ್ಟು ಛಂದ ಅಂತಿದ್ದ! ಅದನ್ನೂ ಹೊಡದಳು.

6 ಹೋಗಿ 34 ಆತು. ಆದ್ರೂ ನಿಮಗ ಸುಳ್ಳ ಹೇಳೂದು ಬ್ಯಾಡ. 34 ಆದ್ರೂ ಮೂರು ವರ್ಷದ ಕೂಸಿಗೆ ಭಾಳ ಕಡಿಮಿ. ಎರಡು ಶಬ್ದ ಜೋಡಿಸಿ ಮಾತಾಡ್ತಿದ್ದಿಲ್ಲ, ಕರದ್ರ ಹೊಳ್ಳಿ ನೋಡ್ತಿದ್ದಿಲ್ಲ. ಮಗಳ ಮನಸ್ಸಿನ್ಯಾಗ ಎಲ್ಲೋ ಒಂದು ಆಸೆ ಇತ್ತು ಅಂತ ಕಾಣ್ತದ, ಕನ್ನಡಾ ಎಣಿಸಿಬಿಟ್ರ ಏನೂ ಆಗೇ ಇಲ್ಲ ಅಂತ ಅಂದಾರು ಅಂತ. ಕಾರಿನ್ಯಾಗ ವಾಪಸ್ ಬರೂವಾಗ ಒಂದ ಮಾತೂ ಆಡಲಿಲ್ಲ.

ಜನವರಿ ಎರಡನೇ ವಾರಕ್ಕ ದೊಡ್ಡ ಸಭಾ, ಐಇಪಿ ಅಂತಾರ. ಪ್ರತಿ ಕೂಸಿಗೆ ಅದರದ ಒಂದು ಬರದ ಕರಾರು ಇದ್ದಂಗ. ಈ ವರ್ಷ ಏನು ಕಲಸ್ತೀವಿ, ಯಾರು ಕಲಸ್ತಾರ, ವಾರಕ್ಕ ಎಷ್ಟು ನಿಮಿಷ, ಎಲ್ಲಾ ಅದರಾಗ ಇರಬೇಕು. ಸಭಾಕ್ಕ ಅವ್ವ ಅಪ್ಪ ತಮಗ ಬೇಕಾದವರನ್ನ, ಕೂಸಿನ್ನ ಬಲ್ಲವರನ್ನ, ಕರಕೊಂಡು ಬರಬಹುದು ಅಂತ ಕಾಯ್ದೆನ ಹೇಳ್ತದ. ಹಂಗಾಗಿ ನಾ ಇಳಕಲ್ ಸೀರಿ ಉಟ್ಟು, ಮ್ಯಾಲೆ ಮಗಳ ಕೋಟು ಹಾಕ್ಕೊಂಡು ಹೋದೆ. ಮೇಜಿನ ಸುತ್ತ ಎಂಟು ಮಂದಿ. ಹಾಳಿಯೊಳಗ ಸಹಿ ಮಾಡಿಸೂವಾಗ ನನ್ನ ಹೆಸರಿನ ಮುಂದ ಅಜ್ಜಿ ಅಂತ ಬರಕೊಂಡ್ರು. ಕಾಲು ನಡಗತಿದ್ವು, ಆದ್ರ ಪುಟ್ಟ ಉಣ್ಣೂದು, ಮಲಗೂದು, ಯಾವ ಸಪ್ಪಳಕ್ಕ ಅಂಜತಾನ ಅನ್ನೂದೆಲ್ಲಾ ಹೇಳಿದೆ, ಮಗಳು ತಿರುವಿ ಹೇಳಿದಳು. ಕೈ ಒಣಗಿಸೋ ಯಂತ್ರದ ಸಪ್ಪಳಕ್ಕ ಅಂಜತಾನ ಅನ್ನೂದು ಅವರ ವರದಿಯೊಳಗ ಇದ್ದಿದ್ದಿಲ್ಲ. ಬರಕೊಂಡ್ರು. ಅಲ್ಲಿಯ ಪಾಯಖಾನಿಯೊಳಗ ಅದನ್ನ ಹಚ್ಚೂದು ಬ್ಯಾಡ, ಕೈಗೆ ಕಾಗದಾ ಕೊಡ್ತೀವಿ ಅಂದ್ರು.

ಮಾತಿನ ಥೆರಪಿ ವಾರಕ್ಕ ಒಮ್ಮೆ 30 ನಿಮಿಷ, ಅದೂ ಮೂರು ಹುಡುಗೂರ ಜೋಡಿ ಅಂತ ಅವರು ಇಟ್ಟಿದ್ರು. ಮಗಳು ವಾರಕ್ಕ ಎರಡು ಸಲ, ಇವನೊಬ್ಬಗ ಬೇಕು ಅಂದಳು. ಹಗ್ಗಾ ಎಳದಂಗ ಆತು. ಎಲ್ಲಾರೂ ನಕ್ಕೋತನ ಮಾತಾಡ್ತಾರ ನೋಡ್ರಿ, ಆದ್ರ ಕೊಡೂವಾಗ ಕೈ ಬಿಗಿ. ಆ ರೊಕ್ಕಾ ಎಲ್ಲಾರ ಮನಿ ತೆರಿಗಿದು, ಅವರಿಗೂ ಲೆಕ್ಕಾ ಅದ, ಅದೂ ನನಗ ತಿಳೀತು. ಅಲ್ಲೆ ಸಹಿ ಹಾಕ್ರಿ ಅಂದ್ರ ಮಗಳು ಹಾಕಲಿಲ್ಲ, ಮನಿಗೆ ಒಯ್ದು ಓದ್ತೀನಿ ಅಂದಳು. ಸ್ಪ್ಯಾನಿನಾಕಿ ಇದನ್ನೂ ಹೇಳಿಕೊಟ್ಟಿದ್ದಳು. ಒಂದು ವಾರದಾಗ ಎರಡು ಫೋನ್, ಮೂರು ಇಮೇಲ್. ಕಡೀಕ ಒಮ್ಮೆ ಇವನೊಬ್ಬಗ, ಒಮ್ಮೆ ಉಳಿದವರ ಜೋಡಿ ಅಂತ ಆತು. ಕೈಬೆರಳಿನ ಕೆಲಸಾ ಕಲಸೋ ಥೆರಪಿ 30 ನಿಮಿಷ. ಆಟದ ಹೊತ್ತಿನ್ಯಾಗ ಉಳಿದ ಹುಡುಗೂರ ಕ್ಲಾಸಿನ ಜೋಡಿ. ಹೋಗಿಬರಲಿಕ್ಕೆ ಬಸ್ಸೂ ಅವರದ. ಜೋಡಿಗೆ ಒಂದು ಸಾಲು ನಾ ಕೇಳದನ ಸೇರಿತ್ತು: ಚಿತ್ರದ ಕಾರ್ಡಿನ ಮ್ಯಾಲೆ ಕನ್ನಡ ಶಬ್ದಾನೂ ಇಂಗ್ಲಿಷ್ ಅಕ್ಷರದಾಗ ಬರೀಬೇಕು, ಕಲಸೋರಿಗೆ ಅನ್ನಲಿಕ್ಕೆ ಬರೂ ಹಂಗ. "ನೀರು, ಬ್ಯಾಡ, ಸಾಕು, ಉಚ್ಚಿ" ಅಂತ ನಾಕು ಕಾರ್ಡು ಥೆರಪಿಸ್ಟ್ ಹುಡುಗಿಗೆ ನಾನ ಬಾಯಿಪಾಠ ಮಾಡಿಸಿದೆ. ನಾಕನೇದು ಹೇಳೂವಾಗ ಅಳಿಯಂದಿರು ಹೊರಗ ಎದ್ದು ಹೋದ್ರು ನಗಲಿಕ್ಕೆ.

ಮತ್ತೊಂದು ನಿಮಗ ಹೇಳಬೇಕಂದ್ರ ಸಂಜೀ ಸಭಾದ್ದು. ನ್ಯೂ ಜೆರ್ಸಿಯ ಪ್ರತಿ ಡಿಸ್ಟ್ರಿಕ್ಟಿನ್ಯಾಗ ಇಂಥಾ ಮಕ್ಕಳ ಪಾಲಕರ ಒಂದು ಗುಂಪು ಇರಲೇಬೇಕಂತ. ಸಾಲಿಯ ಲೈಬ್ರರಿಯೊಳಗ ಕೂಡ್ತಾರ. ನಾ ಒಮ್ಮೆ ಹೋಗಿದ್ದೆ. ಗುಜರಾತಿ ಅಪ್ಪ ಒಬ್ಬರು, ಸ್ಪ್ಯಾನಿಷ್ ಮಾತಾಡೋ ಅಜ್ಜಿ ಒಬ್ಬರು, ಚೀನಾದ ಗಂಡ ಹೆಂಡತಿ. ಬಸ್ ತಡಾ ಬರೂದು, ಸೂಟಿಯೊಳಗ ಥೆರಪಿ ನಿಲ್ಲೂದು, ದೊಡ್ಡವರಾದ ಮ್ಯಾಲೆ ಏನು ಅನ್ನೂದು, ಎಲ್ಲಾರದೂ ಅದ ಮಾತು. ಆ ಸ್ಪ್ಯಾನಿಷ್ ಅಜ್ಜಿಗೂ ನನಗೂ ಒಂದ ಭಾಷಾ ಇಲ್ಲ, ಆದ್ರ ಇಬ್ಬರೂ ಒಬ್ಬರಿಗೊಬ್ಬರು ಫೋನಿನ್ಯಾಗ ಮೊಮ್ಮಕ್ಕಳ ಫೋಟೋ ತೋರಿಸಿದ್ವಿ. ಅಳಿಯಂದಿರು ಮಾತ್ರ ಆ ಗುಜರಾತಿ ಅಪ್ಪನ ಜೋಡಿ ಕಾರ್ ಪಾರ್ಕಿಂಗಿನ್ಯಾಗ ಥಂಡಿಯೊಳಗ ಒಂದು ತಾಸು ನಿಂತು ಮಾತಾಡಿದ್ರು. ಇಂಥಾದ್ದು ನಮ್ಮಲ್ಲೂ ಇರಬೇಕು ಅನಿಸ್ತು. ನಮ್ಮಲ್ಲೆ ಇಂಥಾ ಕೂಸಿನ ಅವ್ವ ಇನ್ನೊಬ್ಬಾಕಿಗೆ ಗೊತ್ತಾಗಬಾರದಂತ ದವಾಖಾನಿಗೂ ಮುಸುಕು ಹಾಕ್ಕೊಂಡು ಹೋಗ್ತಾಳ.

ನಮ್ಮ ದೇಶದಾಗ ಏನೂ ಇಲ್ಲ ಅಂತ ತಿಳೀಬ್ಯಾಡ್ರಿ. 2016ರ ಅಂಗವಿಕಲರ ಹಕ್ಕಿನ ಕಾಯ್ದೆದಾಗ 21 ನಮೂನಿ ಹೆಸರಿಸ್ಯಾರ, ಆಟಿಸಂ ಅದರಾಗ ಅದ. ಆರರಿಂದ ಹದಿನೆಂಟು ವರ್ಷದ ತನಕ ಪುಕ್ಕಟೆ ಶಿಕ್ಷಣ ಅಂತ ಬರದದ. ತಾಲೂಕಿನ ಬಿಇಓ ಆಫೀಸಿನ್ಯಾಗ ಇಂಥಾ ಮಕ್ಕಳ ಸಲುವಾಗಿ ಬಿಐಇಆರ್‌ಟಿ ಅಂತ ಟೀಚರ್ ಇರ್ತಾರ, ಸಾಲಿಗೆ ಬರಲಿಕ್ಕಾಗದ ಹುಡುಗೂರ ಮನಿಗೂ ಹೋಗ್ತಾರ. ಮಾತಿನ ಪರೀಕ್ಷಾಕ್ಕ ಮೈಸೂರಿನ ವಾಕ್ ಶ್ರವಣ ಸಂಸ್ಥಾ ಅದ, ನಮ್ಮ ಊರಾಗ ಡಿಮ್ಹಾನ್ಸ್ ಅದ. ಯುಡಿಐಡಿ ಕಾರ್ಡು ಮಾಡಿಸ್ಕೋಬೇಕು. ಆದ್ರ ಒಂದು ತಾಲೂಕಿನ ಸಾಲಿಗಳಿಗೆಲ್ಲಾ ಕೈಬೆರಳಿನ್ಯಾಗ ಎಣಿಸೋ ಅಷ್ಟು ಟೀಚರು ಅಂದ್ರ ಅವರರೆ ಏನು ಮಾಡ್ಯಾರು? ನಮ್ಮ ಹಿಂದಿನ ಓಣಿಯ ಒಬ್ಬಾಕಿ, ಅಕಿ ಮಗಗ ಏಳು ವರ್ಷ, ಇವತ್ತಿನ ತನಕಾ ಯಾವ ಆಫೀಸಿಗೂ ಹೋಗಿದ್ದಿಲ್ಲ. ಹೋದ ಸೋಮವಾರ ನಾನ ಅಕಿನ್ನ ಕರಕೊಂಡು ಬಿಇಓ ಆಫೀಸಿಗೆ ಹೋಗಿದ್ದೆ. ಅರ್ಜಿ ಬರವಣಿಗಿಯೊಳಗ ಕೊಟ್ಟು, ಇನ್ನೊಂದು ಪ್ರತಿ ಮ್ಯಾಲೆ ಶಿಕ್ಕಾ ಹಾಕಿಸ್ಕೊಂಡು ಬಂದ್ವಿ. ಶಿಕ್ಕಾ ಯಾಕ್ರೀ ಬೇಕು ಅಂದ್ರು ಅಲ್ಲಿಯವರು. ಬೇಕು ಅಂದೆ. ಹಾಕಿದ್ರು. ಹದಿನೈದು ದಿನ ಬಿಟ್ಟು ಬರ್ರಿ ಅಂದಾರ, ಹೋಗ್ತೀವಿ.

ಪುಟ್ಟ ಸಾಲಿಗೆ ಶುರು ಮಾಡಿದ್ದು ಹುಟ್ಟಿದಹಬ್ಬದ ಮರುದಿನ. ನಾ ಬರೂದು ಒಂದೂವರಿ ವಾರ ಉಳದಿತ್ತು. ಹಳದಿ ಬಸ್ಸು ಸಣ್ಣದು, ಮನಿ ಮುಂದ ಬರ್ತಿತ್ತು, ಒಳಗ ಕೂಸನ್ನ ಬೆಲ್ಟ್ ಹಾಕಿ ಕೂಡಸಲಿಕ್ಕೆ ಒಬ್ಬ ಬಾಯಿ. ಮೊದಲನೇ ದಿವಸ ಅತ್ತ, ಎರಡನೇ ದಿವಸ ಅತ್ತ. ಮೂರನೇ ದಿವಸ ಹಿಮಾ ಬಿದ್ದು ಸಾಲಿ ಸೂಟಿ. ನಾಕನೇ ದಿವಸ ಬಾಯಿ ಇಳದು ಕಾರ್ಡ್ ತೋರಿಸಿ, ತನಗ ತಿಳದಂಗ "ಬಾ" ಅಂದಳು. ಅಂವ ಅಕಿ ಬಾಯಿ ನೋಡಿದ, ನನ್ನ ನೋಡಿದ, ಹತ್ತಿದ.

ಈಗ ವಹಿ ಮಗಳ ಕಡೆ ಅದ, ಭಾನುವಾರಕ್ಕೊಮ್ಮೆ ಫೋಟೋ ಕಳಸ್ತಾಳ. ಹೋದ ವಾರ 63 ಇದ್ವು. "ಇನ್ನ ನೀರು" ಅಂತ ಎರಡು ಶಬ್ದ ಜೋಡಿಸ್ಯಾನಂತ. ಚಕ್ಕುಲಿ ಇನ್ನೂ ಸೇರಿಲ್ಲ, ಕೇಳಿದ್ರ ಅನ್ನಲಿಲ್ಲಂತ, ನಾ ಪಾರ್ಸಲ್ ಕಳಸೀನಿ. ಐಇಪಿ ಸಭಾ ವರ್ಷಕ್ಕೊಮ್ಮೆ ಕೂಡಲೇಬೇಕು, ಮುಂದಿಂದು ಜನವರಿಯೊಳಗ. ಅಷ್ಟರಾಗ ಬೀಗಿತ್ತಿಯವರನ್ನ ಕಳಸೂಣು ಅಂತ ಮಾತು ನಡದದ. ಅವರು ಈಗ ವಿಡಿಯೋದಾಗ ದೃಷ್ಟಿ ಮಾತು ಬಿಟ್ಟಾರ, "ಇವತ್ತ ಎಷ್ಟಾದ್ವು?" ಅಂತ ಕೇಳ್ತಾರಂತ.